ಕೋಳಿ ಸಾರು ಚೆನ್ನಾಗಿ ಕುದಿಸುತ್ತೇವೆ, ಆದರೂ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗೆ ಯಾಕೆ ಹೆದರಬೇಕು?

ಕುದ್ದ ಸಾರಿಗೆ ಹೆದರಬೇಕಿಲ್ಲ. ಮಾಂಸದ ಒಳಗಿನವರೆಗೂ 74 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದರೆ ಸಾಲ್ಮೊನೆಲ್ಲಾ, ಇ. ಕೋಲಿ ಸಾಯುತ್ತವೆ. ಔಷಧಕ್ಕೆ ಬಗ್ಗದವೂ ಅಷ್ಟೇ. ಅಪಾಯ ಇರುವುದು ಹಸಿ ಮಾಂಸದಲ್ಲಿ. ನಮ್ಮ ಮಲೆನಾಡಿನ ಮನೆಗಳಲ್ಲಿ ಕೋಳಿ ಕೊಯ್ದ ಮೆಟ್ಟುಗತ್ತಿಯಲ್ಲೇ ಸೌತೆಕಾಯಿ ಹೆಚ್ಚಿದರೆ ಅವು ಜೀವಂತವಾಗಿ ಹೊಟ್ಟೆ ಸೇರುತ್ತವೆ.

ಅಲ್ಲಿ ಪ್ಲಾಸ್ಮಿಡ್ ಆಟ ಶುರು. ಇದು ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರುವ ಪುಟ್ಟ ಡಿಎನ್‌ಎ ಉಂಗುರ. ಔಷಧವನ್ನು ಸೋಲಿಸುವ ಜೀನ್‌ಗಳು ಎಷ್ಟೋ ಸಲ ಇದರಲ್ಲೇ ಇರುತ್ತವೆ, ಕೆಲವೊಮ್ಮೆ ಹಲವು ಔಷಧಗಳದ್ದು ಒಟ್ಟಿಗೆ. ಎರಡು ಬ್ಯಾಕ್ಟೀರಿಯಾ ತಾಗಿಕೊಂಡಾಗ ಒಂದು ತನ್ನ ಪ್ಲಾಸ್ಮಿಡ್‌ನ ಪ್ರತಿಯನ್ನು ಇನ್ನೊಂದಕ್ಕೆ ದಾಟಿಸುತ್ತದೆ, ಜಾತಿ ಬೇರೆಯಾದರೂ ಸರಿ! ಹಾಗಾಗಿ ಕೋಳಿಯಿಂದ ಬಂದದ್ದು ನಿಮಗೆ ಕಾಯಿಲೆ ತರದೇ ಹೋದರೂ, ಕರುಳಲ್ಲಿ ಸುಮ್ನೆ ಇದ್ದ ಇ. ಕೋಲಿಗೆ ಆ ಶಕ್ತಿ ಕೊಟ್ಟು ಹೋಗಬಹುದು. ಮುಂದೆ ಅದೇ ಮೂತ್ರದ ಸೋಂಕು ತಂದರೆ ಮಾಮೂಲಿ ಮಾತ್ರೆ ನಾಟುವುದಿಲ್ಲ.

ಬೇರೆಲ್ಲ ಔಷಧ ಸೋತಾಗ ಕೊಡುವ ಕೊಲಿಸ್ಟಿನ್ ಔಷಧವನ್ನೂ ಸೋಲಿಸುವ ಇಂಥ ಪ್ಲಾಸ್ಮಿಡ್ 2015ರಲ್ಲಿ ಚೀನಾದ ಹಂದಿ, ಮಾಂಸ, ರೋಗಿಗಳಲ್ಲಿ ಸಿಕ್ಕಿತು. ಭಾರತ 2019ರಲ್ಲಿ ಕೋಳಿ ಸಾಕಣೆಯಲ್ಲಿ ಕೊಲಿಸ್ಟಿನ್ ಬಳಕೆ ನಿಷೇಧಿಸಿತು. ಮನೆಯಲ್ಲಿ ತರಕಾರಿ ಮೊದಲು ಹೆಚ್ಚಿ, ಕೋಳಿ ಆಮೇಲೆ. ಕೊನೆಗೆ ಕತ್ತಿ, ಕೈ ಎರಡನ್ನೂ ಸೋಪು ಹಾಕಿ ತೊಳೆಯಿರಿ.