ಓದುಗರ ಪ್ರಶ್ನೆ: ಡಿವಿಡಿಯಲ್ಲಿ ಯಕ್ಷಗಾನದ ಆಟ ಯಾಕೆ ಮುಗ್ಗರಿಸುತ್ತದೆ?

ಪ್ರಶ್ನೆ: ನಮ್ಮೂರಿನ ಕಾಲಮಿತಿ (ರಾತ್ರಿಯಿಡೀ ಅಲ್ಲದ, ಕೆಲವೇ ಗಂಟೆಗಳ) ಯಕ್ಷಗಾನ ಆಟವನ್ನು ಟ್ರೈಪಾಡ್ ಇಟ್ಟು, ಶುರುವಿನಿಂದ ಮಂಗಳದವರೆಗೆ ಎಲ್ಲೂ ನಿಲ್ಲಿಸದೆ ರೆಕಾರ್ಡ್ ಮಾಡಿದೆ. ಒಟ್ಟು ಮೂರೂವರೆ ಗಂಟೆ. ಕಾರ್ಡ್ ತೆಗೆದು ನೋಡಿದರೆ 7 ಫೈಲ್! ಅಪ್ಪಯ್ಯನಿಗೆ ಮೊಬೈಲ್ ಆಗಿಬರುವುದಿಲ್ಲ, ಡಿವಿಡಿ ಪ್ಲೇಯರ್ ಮತ್ತು ಅದರ ರಿಮೋಟ್ ಮಾತ್ರ ಗೊತ್ತು. ಹಾಗಾಗಿ 7 ಫೈಲನ್ನೂ ಡಿವಿಡಿ ಮಾಡುವ ಸಾಫ್ಟ್‌ವೇರಿಗೆ ಹಾಕಿ ಒಂದೇ ಡಿಸ್ಕಿಗೆ ಬರ್ನ್ ಮಾಡಿದೆ. ಈಗ ಅರ್ಧ ಗಂಟೆಗೊಮ್ಮೆ ಪರದೆ ಕಪ್ಪಾಗಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಗುತ್ತದೆ. ಒಂದು ಕಡೆಯಂತೂ ಭಾಗವತರ ಪದ್ಯದ ಮಧ್ಯದಲ್ಲೇ. ನೆಕ್ಸ್ಟ್ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಕುಣಿತ ಜೋರಾದರೆ ಚಿತ್ರ ಚೌಕ ಚೌಕ ಆಗುತ್ತದೆ. ಎಲ್ಲಿ ತಪ್ಪಿದೆ? (ಶಿರಸಿಯಿಂದ ಒಬ್ಬ ಓದುಗರು)

ಉತ್ತರ: ಡಿಸ್ಕ್ ಸರಿ ಇದೆ, ಪ್ಲೇಯರ್ ಕೂಡ ಸರಿ ಇದೆ. ನೀವು 7 ಫೈಲ್ ಕೊಟ್ಟಿರಿ, ಸಾಫ್ಟ್‌ವೇರ್ 7 ಟೈಟಲ್ ಮಾಡಿತು. ಎಡವಟ್ಟಾಗಿದ್ದು ಅಲ್ಲೇ.

ಡಿವಿಡಿಯಲ್ಲಿ ಟೈಟಲ್ ಬೇರೆ, ಚಾಪ್ಟರ್ ಬೇರೆ. ಟೈಟಲ್ ಅಂದರೆ ಒಂದು ಪೂರ್ತಿ ಆಟ. ಚಾಪ್ಟರ್ ಅಂದರೆ ಆ ಆಟದೊಳಗೆ 'ಒಡ್ಡೋಲಗ ಇಲ್ಲಿ ಶುರು, ಯುದ್ಧ ಇಲ್ಲಿ ಶುರು' ಅಂತ ಬರೆದಿಟ್ಟ ಗುರುತು, ಅಷ್ಟೇ. ಗುರುತು ದಾಟುವಾಗ ಪ್ಲೇಯರ್ ಏನೂ ಮಾಡಬೇಕಿಲ್ಲ, ಸುಮ್ನೆ ಓದುತ್ತಾ ಹೋಗುತ್ತದೆ. ಟೈಟಲ್ ಮುಗಿದರೆ ಹಾಗಲ್ಲ. ಡಿಸ್ಕಿನಲ್ಲಿ ಪ್ಲೇಯರಿಗೆ ದಾರಿ ಹೇಳುವ ಐಎಫ್‌ಒ ಫೈಲಿನಲ್ಲಿ 'ಇದು ಮುಗಿದ ಮೇಲೆ ಆ ಟೈಟಲಿಗೆ ಹೋಗು' ಅಂತ ಬರೆದ ಆಜ್ಞೆಯನ್ನು ಅದು ಓದಬೇಕು, ಮುಂಚಿತವಾಗಿ ಓದಿಟ್ಟುಕೊಂಡಿದ್ದನ್ನು ಖಾಲಿ ಮಾಡಬೇಕು, ಲೇಸರ್ ಹೊಸ ಜಾಗಕ್ಕೆ ಸರಿಯಬೇಕು, ಅಲ್ಲಿಂದ ಮತ್ತೆ ತುಂಬಿಕೊಳ್ಳಬೇಕು. ರಂಗಸ್ಥಳ ಬಿಚ್ಚಿ ಪಕ್ಕದ ಗದ್ದೆಯಲ್ಲಿ ಮತ್ತೆ ಕಟ್ಟಿದ ಹಾಗೆ. ನಿಮಗೆ ಕಂಡ ಕಪ್ಪು ಪರದೆ ಅದೇ. ನೆಕ್ಸ್ಟ್ ಬಟನ್ ಕೂಡ ಟೈಟಲಿನ ಒಳಗಿನ ಚಾಪ್ಟರ್‌ಗಳ ಮಧ್ಯೆ ಓಡಾಡಲಿಕ್ಕೆ ಇರುವುದು. ಚಾಪ್ಟರೇ ಇಲ್ಲದ ಟೈಟಲಿನಲ್ಲಿ ಅದು ಎಲ್ಲಿಗೆ ಹೋಗಬೇಕು ಹೇಳಿ?

ಹಾಗಾಗಿ ಒಂದು ಡಿಸ್ಕಿಗೆ ಒಂದೇ ಟೈಟಲ್, ಅದರೊಳಗೆ ಬೇಕಾದಷ್ಟು ಚಾಪ್ಟರ್.

ಅದಕ್ಕೆ ಮೊದಲು 7 ಫೈಲು ಒಂದಾಗಬೇಕು. ಕ್ಯಾಮೆರಾ ಅವನ್ನು ತುಂಡು ಮಾಡಿದ್ದು ಯಾಕೆ ಅಂದರೆ, ಕಾರ್ಡ್ ಫ್ಯಾಟ್32 ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಸೆಕೆಂಡಿಗೆ 17 ಮೆಗಾಬಿಟ್‌ನಂತೆ ಬರೆಯುವ ಎವಿಸಿಎಚ್‌ಡಿ (ಹ್ಯಾಂಡಿಕ್ಯಾಮ್‌ಗಳ ಒಂದು ಎಚ್‌ಡಿ ವಿಡಿಯೊ ರೂಪ) ಕ್ಯಾಮೆರಾದಲ್ಲಿ 4 ಜಿಬಿ ಅರ್ಧ ಗಂಟೆಗೆ ತುಂಬುತ್ತದೆ. ನಿಮ್ಮ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ, ಅಲ್ವಾ?

ಇಲ್ಲೊಂದು ಎಚ್ಚರಿಕೆ. ಡಿವಿಡಿ ಸ್ಟೈಲರ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ಹಲವು ಫೈಲುಗಳನ್ನು ಚಾಪ್ಟರ್‌ಗಳಾಗಿ ಸೇರಿಸುವ ದಾರಿ ಇದೆ. ಅದನ್ನು ಒತ್ತಿದರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಕಪ್ಪು ಪರದೆ ಹೋಗುತ್ತದೆ ನಿಜ, ಆದರೆ ಕೂಡುವ ಜಾಗದಲ್ಲಿ ಕಿವಿಗೆ ಒಂದು ಮುಳ್ಳು ಚುಚ್ಚುತ್ತದೆ. ನಮ್ಮ ಕಡೆಯ ಟಿವಿ, ಡಿವಿಡಿಗಳ ಪಾಲ್ ಅನ್ನುವ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಅಂದರೆ ಒಂದು ಚಿತ್ರಕ್ಕೆ 40 ಮಿಲಿಸೆಕೆಂಡ್. ಡಿವಿಡಿಯ ಡಾಲ್ಬಿ ಧ್ವನಿ 32 ಮಿಲಿಸೆಕೆಂಡಿನ ತುಂಡುಗಳಲ್ಲಿ ಬರುತ್ತದೆ. ಒಂದೊಂದು ಫೈಲನ್ನೂ ಬೇರೆ ಬೇರೆಯಾಗಿ ಪರಿವರ್ತಿಸಿದರೆ ಕೊನೆಯಲ್ಲಿ ಎರಡರ ಉದ್ದ ಸರಿಹೊಂದುವುದಿಲ್ಲ, ಒಂದು ಚೂರು ಹೆಚ್ಚೋ ಕಡಿಮೆಯೋ ಆಗುತ್ತದೆ. ಮಾತಿನ ಮಧ್ಯೆ ಆದರೆ ಯಾರಿಗೂ ಗೊತ್ತಾಗದು. ಚಂಡೆ ಮದ್ದಳೆ ಕೂಡಿ ಏರುತ್ತಿರುವಾಗ ಆದರೆ ಒಂದು ಪೆಟ್ಟು ಕಾಣೆ. ಆಟ ನೋಡಿ ಬೆಳೆದ ಕಿವಿಗೆ ಅದು ತಪ್ಪುವುದೇ ಇಲ್ಲ.

ನಿಮ್ಮದು ಎಂಟಿಎಸ್ ಫೈಲ್ (ಎವಿಸಿಎಚ್‌ಡಿ ಕ್ಯಾಮೆರಾ ಬರೆಯುವಂಥದ್ದು) ಆಗಿದ್ದರೆ ಕೂಡಿಸುವುದು ತುಂಬಾ ಸುಲಭ. ಕ್ಯಾಮೆರಾ ಒಂದೇ ಹರಿವನ್ನು ಕತ್ತರಿಸಿಟ್ಟಿರುತ್ತದೆ, ಆದ್ದರಿಂದ ಒಂದರ ಬಾಲಕ್ಕೆ ಇನ್ನೊಂದರ ತಲೆ ಹಾಗೆ ಹಾಗೇ ಅಂಟಿಸಿದರೆ ಸಾಕು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಕಾಪಿ ಆಜ್ಞೆಯ ಜೊತೆ ಸ್ಲ್ಯಾಶ್ ಮತ್ತು ಬಿ ಅಕ್ಷರ ಹಾಕಿ, ಫೈಲುಗಳ ಹೆಸರನ್ನು ಕ್ರಮವಾಗಿ ಪ್ಲಸ್ ಚಿಹ್ನೆ ಹಾಕುತ್ತಾ ಬರೆಯಿರಿ, ಕೊನೆಯಲ್ಲಿ ಹೊಸ ಫೈಲಿನ ಹೆಸರು. ಆ ಸ್ಲ್ಯಾಶ್ ಬಿ ಮರೆತರೆ ಕೆಟ್ಟಿತು, ಅಕ್ಷರದ ಫೈಲ್ ಅಂದುಕೊಂಡು ಅದು ಮಧ್ಯದಲ್ಲೇ ನಿಲ್ಲಿಸಿಬಿಡಬಹುದು. ಸುಮಾರು 27 ಜಿಬಿಯ ಒಂದೇ ಫೈಲ್ ಬರುತ್ತದೆ, ಅದು 4 ಜಿಬಿ ಮಿತಿ ಇಲ್ಲದ ಎನ್‌ಟಿಎಫ್‌ಎಸ್ ಪದ್ಧತಿಯ ಡ್ರೈವಿನಲ್ಲೇ ಇರಲಿ. ಎಂಪಿ4 ಫೈಲ್ ಆದರೆ ಈ ಉಪಾಯ ನಡೆಯುವುದಿಲ್ಲ. ಆಗ ಶಾಟ್‌ಕಟ್‌ನಂಥ ಎಡಿಟರಿನಲ್ಲಿ ಸಾಲಾಗಿ ಇಟ್ಟು, ಪೂರ್ತಿ ಒಂದೇ ಸಲ ಹೊರತೆಗೆಯಿರಿ. ಕೂಡಿಸುವುದು ಮೊದಲು, ಎನ್‌ಕೋಡ್ (ಡಿವಿಡಿಯ ರೂಪಕ್ಕೆ ಪರಿವರ್ತನೆ) ಆಮೇಲೆ, ಅದೂ ಒಂದೇ ಸಲ.

ಇನ್ನು ಚೌಕ ಚೌಕದ ವಿಷಯ. 4.7 ಜಿಬಿ ಡಿಸ್ಕಿಗೆ ಮೂರೂವರೆ ಗಂಟೆ ತುರುಕಿದರೆ ಸೆಕೆಂಡಿಗೆ ಹತ್ತಿರ ಹತ್ತಿರ 3 ಮೆಗಾಬಿಟ್ ಸಿಗುತ್ತದೆ, ಅದರಲ್ಲೇ ಧ್ವನಿಯೂ ಬಂತು. ಕುರ್ಚಿ ಮೇಲೆ ಕೂತು ಮಾತಾಡುವ ಭಾಷಣಕ್ಕೆ ಅಷ್ಟು ನಡೆದೀತು. ಗಿರಗಿರನೆ ಸುತ್ತಿ ಹಾರುತ್ತಾ ಧೀಂಗಿಣ ಹಾಕುವ ವೇಷಕ್ಕೆ ಎಲ್ಲಿ ಸಾಲುತ್ತದೆ? ಕಿರೀಟದ ಮಿಂಚು, ಹಾರುವ ಬಟ್ಟೆ, ಹಿಂದಿನ ಪರದೆ ಎಲ್ಲಾ ಒಟ್ಟಿಗೆ ಅಲುಗಾಡುತ್ತಿರುತ್ತದೆ. ನನ್ನ ಮಾತು ಕೇಳಿದರೆ ಎರಡು ಡಿಸ್ಕ್ ಮಾಡಿ. ತಲಾ 105 ನಿಮಿಷ ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 6 ಮೆಗಾಬಿಟ್ ಸಿಗುತ್ತದೆ, ಚಿತ್ರಕ್ಕೆ ಐದೂವರೆ ಇಟ್ಟುಕೊಳ್ಳಿ. ಹಾಸ್ಯಗಾರನ ಪ್ರವೇಶ ಮುಗಿದ ಮೇಲೋ, ಎರಡು ಪದ್ಯಗಳ ಮಧ್ಯದ ಮೌನದಲ್ಲೋ ಕತ್ತರಿಸಿದರೆ ಅಪ್ಪಯ್ಯ ಎದ್ದು ಒಂದು ಕವಳ ಹಾಕಿಕೊಂಡು ಬರಬಹುದು.

ಒಂದೇ ಡಿಸ್ಕ್ ಆಗಲೇಬೇಕು ಅಂದರೆ 8.5 ಜಿಬಿಯ ಎರಡು ಪದರದ ಡಿಸ್ಕ್ ಇದೆ. ಅದರಲ್ಲಿ ಮೊದಲ ಪದರ ಮುಗಿದು ಎರಡನೆಯದಕ್ಕೆ ಹೋಗುವಾಗ ಲೇಸರ್ ಮತ್ತೆ ಹೊಂದಿಸಿಕೊಳ್ಳಬೇಕು, ಹಳೆ ಪ್ಲೇಯರಿನಲ್ಲಿ ಅಲ್ಲೊಂದು ತಡವರಿಕೆ ಕಾಣುತ್ತದೆ. ಇಮ್ಗ್‌ಬರ್ನ್ ಅನ್ನುವ ಬರ್ನ್ ಮಾಡುವ ಸಾಫ್ಟ್‌ವೇರ್ ಬಳಸಿದರೆ ಆ ಜಾಗವನ್ನು ನೀವೇ ಆರಿಸಬಹುದು. ಮೊದಲ ಪದರ ಎರಡನೆಯದಕ್ಕಿಂತ ಚಿಕ್ಕದಾಗಬಾರದು, ಹಾಗಾಗಿ ಅರ್ಧ ದಾಟಿದ ಕೂಡಲೇ ಸಿಗುವ ಒಂದು ಮೌನದಲ್ಲಿ ಚಾಪ್ಟರ್ ಇಟ್ಟುಕೊಳ್ಳಿ, ಅಲ್ಲೇ ಪದರ ಬದಲಾಗಲಿ. ಆದರೆ ಮನೆಯಲ್ಲಿ ಬರ್ನ್ ಮಾಡಿದ ಎರಡು ಪದರದ ಡಿಸ್ಕನ್ನು ಕೆಲವು ಹಳೆ ಪ್ಲೇಯರ್ ಮುಟ್ಟುವುದೇ ಇಲ್ಲ. ಅದಕ್ಕೇ ನಾನು ಎರಡು ಡಿಸ್ಕ್ ಅಂದಿದ್ದು.

ಚಾಪ್ಟರ್ ಇಡುವುದು ಡಿವಿಡಿ ಸ್ಟೈಲರಿನಲ್ಲಿ ಕಷ್ಟವಿಲ್ಲ. ಟೈಟಲಿನ ಪ್ರಾಪರ್ಟೀಸ್ ತೆರೆದು ಸಮಯಗಳನ್ನು ಅಲ್ಪವಿರಾಮ ಹಾಕುತ್ತಾ ಬರೆದರಾಯಿತು. ಆದರೆ ದಯವಿಟ್ಟು ಐದು ನಿಮಿಷಕ್ಕೊಂದು ಅಂತ ಯಂತ್ರದ ಹಾಗೆ ಇಡಬೇಡಿ. ಒಮ್ಮೆ ಪೂರ್ತಿ ನೋಡಿ, ಕಾಗದ ಪೆನ್ನು ಹಿಡಿದು ಒಡ್ಡೋಲಗ, ಪ್ರತಿ ಮುಖ್ಯ ವೇಷದ ಪ್ರವೇಶ, ಅಪ್ಪಯ್ಯನಿಗೆ ಇಷ್ಟವಾದ ಪದ್ಯ, ಯುದ್ಧ, ಮಂಗಳ ಇವುಗಳ ಸಮಯ ಬರೆದುಕೊಳ್ಳಿ. ಬರೆದ ಸಮಯಕ್ಕಿಂತ ಒಂದು ಸೆಕೆಂಡ್ ಹಿಂದೆ ಗುರುತು ಇಡಿ. ಡಿವಿಡಿಯ ವಿಡಿಯೊದಲ್ಲಿ ಎಲ್ಲ ಚಿತ್ರವೂ ಪೂರ್ತಿ ಇರುವುದಿಲ್ಲ. 12ಕ್ಕೋ 15ಕ್ಕೋ ಒಂದು ಪೂರ್ತಿ ಚಿತ್ರ, ಮಿಕ್ಕವು ಅದರಿಂದ ಏನು ಬದಲಾಯಿತು ಅನ್ನುವ ಲೆಕ್ಕ ಮಾತ್ರ. ಚಾಪ್ಟರ್ ಪೂರ್ತಿ ಚಿತ್ರದ ಮೇಲೇ ಕೂರಬೇಕು, ಆದ್ದರಿಂದ ನೀವು ಹೇಳಿದ ಜಾಗದಿಂದ ಅರ್ಧ ಸೆಕೆಂಡ್ ಆಚೀಚೆ ಸರಿಯಬಹುದು. ಮುಂದೆ ಸರಿದರೆ ಪದ್ಯದ ಮೊದಲ ಅಕ್ಷರ ನುಂಗಿ ಹೋಗುತ್ತದೆ.

ಎನ್‌ಕೋಡ್ ಮಾಡುವಾಗ ಪಾಲ್, 720 ಅಡ್ಡ 576, ಧ್ವನಿ 48 ಕಿಲೋಹರ್ಟ್ಜ್. ಕ್ಯಾಮೆರಾ ಇಂಟರ್ಲೇಸ್ಡ್ ಆಗಿ (ಚಿತ್ರವನ್ನು ಒಂದು ಬಿಟ್ಟು ಒಂದು ಗೆರೆಯ ಎರಡು ಅರ್ಧಗಳಾಗಿ) ತೆಗೆದಿದ್ದರೆ ಹಾಗೇ ಬಿಡಿ, ಎವಿಸಿಎಚ್‌ಡಿಗೆ ಟಾಪ್ ಫೀಲ್ಡ್, ಅಂದರೆ ಮೇಲಿನ ಗೆರೆಯಿಂದ ಶುರುವಾಗುವ ಅರ್ಧ, ಮೊದಲು. ಅದು ತಿರುಗುಮುರುಗಾದರೆ ಕುಣಿತ ನಡುಗಿದ ಹಾಗೆ ಕಾಣುತ್ತದೆ. ಮೆನು ಬೇಡವೇ ಬೇಡ. ಡಿಸ್ಕ್ ಹಾಕಿದ ಕೂಡಲೇ ಮೊದಲ ಟೈಟಲ್ ಶುರುವಾಗುವಂತೆ ಇಟ್ಟುಬಿಡಿ, ಹಿರಿಯರಿಗೆ ಅದೇ ಹಿತ.

ಪರೀಕ್ಷೆ ಮಾಡದೆ ಒಳ್ಳೆ ಡಿಸ್ಕಿಗೆ ಕೈ ಹಾಕಬೇಡಿ. ನಮ್ಮ ಮನೆಯ ಒಂದು ಮದುವೆ ವಿಡಿಯೊವನ್ನು ಕಂಪ್ಯೂಟರಿನಲ್ಲಿ ವಿಎಲ್‌ಸಿ ಅನ್ನುವ ವಿಡಿಯೊ ಸಾಫ್ಟ್‌ವೇರ್ ಹಾಕಿ ನೋಡಿ, 'ಆಹಾ, ಎಲ್ಲೂ ನಿಲ್ಲುವುದಿಲ್ಲ' ಅಂತ ನಾನು ಐದು ಪ್ರತಿ ಬರ್ನ್ ಮಾಡಿದೆ. ಟಿವಿಯಲ್ಲಿ ಹಾಕಿದರೆ ಸರಿಯಾಗಿ ಧಾರೆಯ ಹೊತ್ತಿಗೆ ಕಪ್ಪು! ಹಾರ್ಡ್ ಡಿಸ್ಕ್ ಎಷ್ಟು ಬೇಗ ಓದುತ್ತದೆ ಅಂದರೆ ಟೈಟಲ್ ಬದಲಾದದ್ದು ಅಲ್ಲಿ ಗೊತ್ತೇ ಆಗಿರಲಿಲ್ಲ. ಆಮೇಲಿಂದ ಮೊದಲು ಅಳಿಸಿ ಬರೆಯಬಹುದಾದ ಆರ್‌ಡಬ್ಲ್ಯು ಡಿಸ್ಕ್, ಅದೂ ಯಾರಿಗೆ ಕೊಡುತ್ತೇನೋ ಅವರ ಮನೆಯ ಪ್ಲೇಯರಿನಲ್ಲೇ.

ಪ್ರಶ್ನೆ: ಭಜನೆಗಳ ಡಿವಿಡಿ ಮಾಡುತ್ತಿದ್ದೇನೆ, 120 ಭಜನೆ ಇವೆ. ಒಂದೊಂದಕ್ಕೂ ಒಂದು ಚಾಪ್ಟರ್ ಇಡಬಹುದೇ? (ಹುಬ್ಬಳ್ಳಿಯಿಂದ)

ಉತ್ತರ: ಒಂದು ಟೈಟಲಿಗೆ 99 ಚಾಪ್ಟರ್, ಅದರ ಮೇಲೆ ಇಲ್ಲ. ಎರಡು ಟೈಟಲ್ ಮಾಡಿ 60 ಮತ್ತು 60 ಹಂಚಿ. ಮಧ್ಯದಲ್ಲಿ ಒಂದೇ ಒಂದು ಕಡೆ ತಡವರಿಸುತ್ತದೆ, ಎರಡು ಭಜನೆಗಳ ನಡುವೆ ಆದ್ದರಿಂದ ತೊಂದರೆ ಇಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳಿಗೆ ಗೃಹಪ್ರವೇಶದ ಡಿವಿಡಿ ಕಳಿಸಿದೆ, ಅವಳ ಪ್ಲೇಯರಿನಲ್ಲಿ ಓಡುತ್ತಿಲ್ಲ. ರೀಜನ್ ಕೋಡ್ (ದೇಶ ನೋಡಿ ಡಿಸ್ಕಿಗೆ ಹಾಕುವ ಬೀಗ) ಸಮಸ್ಯೆಯೇ? (ಮೈಸೂರಿನಿಂದ)

ಉತ್ತರ: ಅಲ್ಲ ಅನ್ನಿಸುತ್ತದೆ. ಅಂಗಡಿಯಲ್ಲಿ ಮಾರುವ ಸಿನಿಮಾ ಡಿಸ್ಕಿಗೆ ಭಾರತದ್ದು 5, ಅಮೆರಿಕದ್ದು 1 ಅಂತ ಬೀಗ ಇರುತ್ತದೆ. ಮನೆಯಲ್ಲಿ ಮಾಡಿದ್ದಕ್ಕೆ ಸಾಮಾನ್ಯವಾಗಿ ಬೀಗವೇ ಇರುವುದಿಲ್ಲ. ನೀವು ಪಾಲ್‌ನಲ್ಲಿ ಮಾಡಿದ್ದೀರಿ, ಅಲ್ಲಿಯದು ಎನ್‌ಟಿಎಸ್‌ಸಿ ಅನ್ನುವ ಬೇರೆ ಪದ್ಧತಿ. ಅಲ್ಲಿನ ಬಹಳಷ್ಟು ಪ್ಲೇಯರ್ ಪಾಲ್ ಡಿಸ್ಕನ್ನು ತೋರಿಸುವುದಿಲ್ಲ. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ಹಾಕಿ ನೋಡಲು ಹೇಳಿ, ಓಡುತ್ತದೆ. ಸೆಕೆಂಡಿಗೆ 25 ಚಿತ್ರದಿಂದ 29.97ಕ್ಕೆ ಬದಲಾಯಿಸಿ ಹೊಸ ಡಿಸ್ಕ್ ಮಾಡಬಹುದು, ಆದರೆ ಓಡಾಟ ಸ್ವಲ್ಪ ಜಗ್ಗಿದಂತೆ ಕಾಣುತ್ತದೆ. ಅದಕ್ಕಿಂತ ಮೂಲ ಫೈಲನ್ನೇ ಕಳಿಸುವುದು ಜಾಸ್ತಿ ಒಳ್ಳೆಯದು.

ಪ್ರಶ್ನೆ: ಎಂಪಿ4 ಫೈಲನ್ನು ಡಿಸ್ಕಿಗೆ ಬರ್ನ್ ಮಾಡಿದೆ. ಪಕ್ಕದ ಮನೆಯ ಪ್ಲೇಯರಿನಲ್ಲಿ ಬರುತ್ತದೆ, ನಮ್ಮದರಲ್ಲಿ ಇಲ್ಲ. (ದಾವಣಗೆರೆಯಿಂದ)

ಉತ್ತರ: ನೀವು ಮಾಡಿದ್ದು ಡೇಟಾ ಡಿಸ್ಕ್. ಅವರ ಪ್ಲೇಯರಿಗೆ ಎಂಪಿ4 ಓದಲು ಬರುತ್ತದೆ, ನಿಮ್ಮದಕ್ಕೆ ಬರುವುದಿಲ್ಲ. ಎಲ್ಲ ಕಡೆ ಓಡಬೇಕಾದರೆ ಡಿವಿಡಿ ವಿಡಿಯೊ ಆಗಬೇಕು. ಡಿಸ್ಕ್ ತೆರೆದರೆ ವಿಡಿಯೊ ಟಿಎಸ್ ಅನ್ನುವ ಫೋಲ್ಡರ್ ನೇರವಾಗಿ ಎದುರಿಗೇ ಇರಬೇಕು, ಇನ್ನೊಂದು ಫೋಲ್ಡರಿನ ಒಳಗಲ್ಲ. ಅದರಲ್ಲಿ ಐಎಫ್‌ಒ, ಅದರ ನಕಲಾದ ಬಿಯುಪಿ ಮತ್ತು ಚಿತ್ರ, ಧ್ವನಿ ಇರುವ, 1 ಜಿಬಿ ಮೀರದ ವಿಒಬಿ ಫೈಲುಗಳು ಕಾಣುತ್ತವೆ. ವಿಒಬಿ ನಾಲ್ಕೈದು ಇದ್ದರೆ ಗಾಬರಿ ಬೇಡ, ಆ ತುಂಡುಗಳನ್ನು ಪ್ಲೇಯರ್ ಒಂದೇ ಅಂತ ಓದುತ್ತದೆ, ಅಲ್ಲಿ ತಡೆ ಬರುವುದಿಲ್ಲ. ಬರ್ನ್ ಮಾಡುವಾಗ ಫೈನಲೈಸ್ (ಡಿಸ್ಕಿನ ಬರಹವನ್ನು ಮುಗಿಸಿ ಮುಚ್ಚುವುದು) ಅನ್ನುವುದಕ್ಕೆ ಟಿಕ್ ಹಾಕಲು ಮರೆಯಬೇಡಿ.