ಸಿಂಧನೂರಿನಲ್ಲಿ ನರ್ಸ್ ಒಬ್ಬರೇ ಹೆರಿಗೆ ಕ್ಲಿನಿಕ್ ತೆರೆಯಬಹುದಾ?

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಎಂಟು ವರ್ಷ ಹೆರಿಗೆ ಮಾಡಿಸಿದ್ದೀರಿ. ಈಗ ನಾಲ್ಕು ಹಾಸಿಗೆಯ ಕ್ಲಿನಿಕ್ ತೆರೆಯಬೇಕು, ಡಾಕ್ಟರ್ ಇಲ್ಲದೆ ನಡೆಯುತ್ತಾ ಅಂತ ಕೇಳಿದ್ದೀರಿ. ನಾನು ರಾಯಚೂರು ಜಿಲ್ಲೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ವರ್ಷಗಟ್ಟಲೆ ಹೆರಿಗೆ ಕೋಣೆ ನೋಡಿಕೊಂಡವಳು.

ಡಾಕ್ಟರ್ ಇಲ್ಲದೆ ಬೇಡ. ಕೇಂದ್ರ ಸರ್ಕಾರ 2018ರಲ್ಲಿ ಮಿಡ್‌ವೈಫರಿ ಮಾರ್ಗಸೂಚಿ ತಂದಿದ್ದು ನಿಜ. ನರ್ಸ್‌ಗಳಿಗೆ 18 ತಿಂಗಳ ತರಬೇತಿ ಕೊಟ್ಟು ಸಹಜ ಹೆರಿಗೆಯನ್ನು ಅವರ ಕೈಗೇ ಒಪ್ಪಿಸುವ ಯೋಜನೆ ಅದು. ಆದರೆ ಅದು ಸರ್ಕಾರಿ ಆಸ್ಪತ್ರೆಯೊಳಗಿನ ಮಾತು, ಕರೆದರೆ ಡಾಕ್ಟರ್ ಬರುವ ಜಾಗ. ನಮ್ಮಲ್ಲೂ ನೋಂದಣಿ ಸ್ತ್ರೀರೋಗ ತಜ್ಞೆಯ ಜವಾಬ್ದಾರಿಯಲ್ಲಿತ್ತು. ಸಹಜ ಹೆರಿಗೆ ನಾವು ಮಾಡಿಸುತ್ತಿದ್ದೆವು.

ನೋಂದಣಿ ಅಂದರೆ ಕೆಪಿಎಂಇ, ಖಾಸಗಿ ಆಸ್ಪತ್ರೆ-ಕ್ಲಿನಿಕ್‌ಗಳಿಗೆ ಇರುವ ಕರ್ನಾಟಕದ 2007ರ ಕಾಯ್ದೆ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಕೊಡುತ್ತದೆ, ಅರ್ಜಿ ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿ ಮೂಲಕ. ಆಸ್ಪತ್ರೆ ಕಸಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇರೆ. ಮಾಸು ಹಳದಿ ಚೀಲಕ್ಕೇ ಹೋಗಬೇಕು, 48 ಗಂಟೆಗಿಂತ ಜಾಸ್ತಿ ಇಡುವಂತಿಲ್ಲ. ನಮ್ಮ ಕಡೆ ಅಜ್ಜಿಯರು 'ಹೂಳ್ತೀವಿ, ಕೊಡವ್ವ' ಅಂತ ಕೇಳುತ್ತಾರೆ. ಅದು ಅವರ ನಂಬಿಕೆ, ಗದರಬೇಡಿ. ಕೂರಿಸಿ ತಿಳಿಸಿ ಹೇಳಿ. ಜನನ ವರದಿ 21 ದಿನದೊಳಗೆ. ಸ್ಕ್ಯಾನಿಂಗ್ ಮೆಷಿನ್ ಬೇಕಿದ್ದರೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆ) ನೋಂದಣಿ ಬೇರೆಯೇ ಆಗಬೇಕು. ಮೊದಲಿಗೆ ಅದರ ತಂಟೆಯೇ ಬೇಡ.

ಇಷ್ಟೂ ತಪಾಸಣೆಯ ದಿನ ತೋರಿಸುವ ಕಾಗದ. ನನ್ನನ್ನು ಕಾಡುವುದು ರಾತ್ರಿ ಎರಡು ಗಂಟೆಗೆ ಹೆರಿಗೆ ಕೋಣೆಯಲ್ಲಿ ಪಾಲಿಸಬೇಕಾದ ನಿಯಮ. ನಮ್ಮಲ್ಲೊಮ್ಮೆ ಬೇಸಿಗೆಯಲ್ಲಿ ಆಕ್ಸಿಟೋಸಿನ್ (ಗರ್ಭಕೋಶ ಬಿಗಿಯಾಗಿ ರಕ್ತಸ್ರಾವ ನಿಲ್ಲಲು ಕೊಡುವ ಇಂಜೆಕ್ಷನ್) ಡಬ್ಬಿ ವಾರಗಟ್ಟಲೆ ಟ್ರಾಲಿ ಮೇಲೇ ಉಳಿದಿತ್ತು. ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಔಷಧಿ. ರಾಯಚೂರಿನ ಮೇ ತಿಂಗಳು ಗೊತ್ತಲ್ವಾ? ಒಂದು ರಾತ್ರಿ ಒಬ್ಬ ತಾಯಿಗೆ ಮಗು ಹುಟ್ಟಿದ ತಕ್ಷಣ ಆ ಡಬ್ಬಿಯದೇ 10 ಯೂನಿಟ್ ಕೊಟ್ಟೆ. ಗರ್ಭಕೋಶ ಬಿಗಿಯಾಗಲೇ ಇಲ್ಲ. ರಕ್ತ ಹರಿಯುತ್ತಲೇ ಇತ್ತು. ಹೊಟ್ಟೆ ಒತ್ತಿ ಹಿಡಿದುಕೊಂಡೇ 108ರಲ್ಲಿ ಹೋದೆ. ಆಕೆ ಉಳಿದಳು. ಬಿಸಿಲೇ ಕಾರಣ ಅಂತ ಹೇಳಲಾರೆ, ಆದರೆ ಆ ಡಬ್ಬಿ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಮರುದಿನವೇ ಫ್ರಿಜ್ಜಿಗೆ ಥರ್ಮಾಮೀಟರ್ ಇಟ್ಟೆವು. ದಿನಕ್ಕೆ ಎರಡು ಸಲ ಬರೆಯುವುದು ಶುರುವಾಯಿತು.

ಪಾರ್ಟೋಗ್ರಾಫ್, ಅಂದರೆ ಹೆರಿಗೆ ಹೇಗೆ ಸಾಗುತ್ತಿದೆ ಅಂತ ಗುರುತಿಸುವ ಚಾರ್ಟ್ ಕೂಡ ಹಾಗೇ. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ನೋಡಿ ಆಗಲೇ ಗುರುತು ಹಾಕಬೇಕು. ಹೆರಿಗೆ ಆದಮೇಲೆ ಸುಮ್ನೆ ಚೆಂದದ ಗೆರೆ ಎಳೆದರೆ ಯಾರಿಗೂ ಉಪಯೋಗವಿಲ್ಲ. ಕೊಟ್ಟ ಪ್ರತಿ ಡ್ರಿಪ್‌ನ ಬ್ಯಾಚ್ ನಂಬರನ್ನೂ ಕೇಸ್ ಶೀಟಿನಲ್ಲಿ ಬರೆಯಿರಿ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ಅನುಮಾನ ಹೋಗಿದ್ದು ಡ್ರಿಪ್ ಮೇಲೆಯೇ.

ಸಿಂಧನೂರಿನಿಂದ ರಾಯಚೂರಿಗೆ ಸುಮಾರು 85 ಕಿ.ಮೀ. ಬಿಪಿ ಜಾಸ್ತಿ ಇರುವವರು, ಮೊದಲು ಸಿಸೇರಿಯನ್ ಆದವರು, ಅವಳಿ ಮಕ್ಕಳಿರುವವರು ಬಂದರೆ ತಾಯಿ ಕಾರ್ಡ್ ನೋಡಿ ಆಗಲೇ ದೊಡ್ಡ ಆಸ್ಪತ್ರೆಗೆ ಕಳಿಸಿ, ನೋವು ಶುರುವಾಗುವ ತನಕ ಕಾಯಬೇಡಿ. ಮತ್ತೆ, ಕಟ್ಟಡಕ್ಕೆ ಅಡ್ವಾನ್ಸ್ ಕೊಡುವ ಮೊದಲು ಜೊತೆಗೆ ನಿಲ್ಲುವ ಸ್ತ್ರೀರೋಗ ತಜ್ಞರನ್ನು ಹುಡುಕಿ, ಅವರನ್ನೂ ಕರೆದುಕೊಂಡು ಡಿಎಚ್‌ಒ ಕಚೇರಿಗೆ ಹೋಗಿ ಬನ್ನಿ.