ಆರ್‌ಪಿಜಿ (ಕತೆಯೊಳಗಿನ ಪಾತ್ರವಾಗಿ ಆಡುವ) ವಿಡಿಯೋ ಗೇಮ್‌ಗಳಲ್ಲಿ ಪೂರ್ತಿ ಕೆಟ್ಟವನು ಅನ್ನಲಾಗದ ವಿಲನ್ ಯಾರು?

ನನ್ನ ಆಯ್ಕೆ 2015ರ ‘ದಿ ವಿಚರ್ 3’ರಲ್ಲಿ ಬರುವ ಬ್ಲಡಿ ಬ್ಯಾರನ್. (ಗೇಮ್ ಆಡದವರು ಇಲ್ಲೇ ನಿಲ್ಲಿಸಿ!)

ಹೆಂಡತಿ, ಮಗಳು ಕಾಣೆಯಾಗಿದ್ದಾರೆ, ಹುಡುಕಿಕೊಡು ಅಂತ ನಾವು ಆಡುವ ನಾಯಕನಿಗೆ ಅನ್ನುತ್ತಾನೆ. ಪಾಪ ಅನಿಸುತ್ತದೆ, ಅಲ್ವಾ? ಆಮೇಲೆ ಗೊತ್ತಾಗುತ್ತದೆ, ಕುಡಿದು ಹೆಂಡತಿಗೆ ಹೊಡೆಯುತ್ತಿದ್ದವನು ಇವನೇ. ಅವಳ ಹೊಟ್ಟೆಯಲ್ಲಿದ್ದ ಮಗು ಹೋಗಿರುತ್ತದೆ. ಹೆಸರಿಡದೆ ಹೂತಿದ್ದರಿಂದ ಅದೀಗ ಪಿಶಾಚಿ. ನೀವು ಅದನ್ನು ಕೊಲ್ಲದಿದ್ದರೆ, ಆ ದಪ್ಪ ಮನುಷ್ಯ ಮಳೆಗಾಳಿಯ ರಾತ್ರಿಯಲ್ಲಿ ಅದನ್ನು ಎತ್ತಿಕೊಂಡು ನಡೆದು, ಹೆಸರಿಟ್ಟು, ಮನೆಯ ಹೊಸಿಲ ಬಳಿ ಹೂಳುತ್ತಾನೆ. ನಾನಂತೂ ಕಂಟ್ರೋಲರ್ ಕೆಳಗಿಟ್ಟು ಸುಮ್ನೆ ಕೂತಿದ್ದೆ.

ಅವನ ಕಣ್ಣೀರು ನಾಟಕ ಅಲ್ಲ. ಆದರೆ ಅವನು ಹೊಡೆದಿದ್ದೂ ಸುಳ್ಳಲ್ಲ. ಗೇಮ್ ಯಾವುದನ್ನೂ ಮುಚ್ಚಿಡುವುದಿಲ್ಲ. ಕೊನೆಗೆ ಅವನು ಬದುಕುತ್ತಾನಾ ಅನ್ನೋದು, ಬೇರೆಲ್ಲೋ ಮರದ ಕೆಳಗೆ ಸಿಕ್ಕಿಬಿದ್ದ ಒಂದು ಆತ್ಮವನ್ನು ನೀವು ಬಿಡಿಸಿದಿರಾ, ಕೊಂದಿರಾ ಅನ್ನುವುದರ ಮೇಲೆ ನಿಂತಿದೆ.